ಔಷಧದ ಮೇಲೆ ‘ಬೋವೈನ್’ ಎಂದಿದ್ದರೆ ಒಳಗೆ ಹಸು ಇದೆಯೇ?

ಬೋವೈನ್ ಎಂದರೆ ಹಸುವಿನ, ಕೆನೈನ್ ನಾಯಿಯ, ಎಕ್ವೈನ್ ಕುದುರೆಯ, ಪೋರ್ಸೈನ್ ಹಂದಿಯ, ಏವಿಯನ್ ಹಕ್ಕಿಯ. ಪರೀಕ್ಷೆಗೆ ಓದುವ ಮಕ್ಕಳಿಗೆಂದು ವಾಟ್ಸ್‌ಆ್ಯಪ್‌ನಲ್ಲಿ ಓಡಾಡುವ ಇಂಥ ಪಟ್ಟಿ ನಿಮಗೂ ಬಂದಿರಬಹುದು. ಪಟ್ಟಿ ಸರಿಯಾಗಿಯೇ ಇದೆ. ಇದೇ ಪದಗಳನ್ನು ಔಷಧದ ವಿವರದಲ್ಲಿ ತೋರಿಸಿ ಹೆದರಿಸುವ ಫಾರ್ವರ್ಡ್‌ಗಳೇ ತೊಂದರೆ.

ಕನ್ನಡದಲ್ಲೇ ಯೋಚಿಸಿ. ‘ಹಸುವಿನ ಹಾಲು’ ಹಸುವಿನಿಂದ ಬಂದದ್ದು. ‘ಹಸುವಿನ ಮೇವು’ ಹಸುವಿಗೆ ಹಾಕುವುದು. ‘ಹಸುವಿನ ರೋಗ’ ಹಸುವನ್ನು ಕಾಡುವುದು. ಮೂರರಲ್ಲೂ ‘ಹಸುವಿನ’ ಒಂದೇ, ಅರ್ಥ ಬೇರೆ. ಬೋವೈನ್ ಕೂಡ ಹಾಗೆಯೇ. ಇನ್ನು ದಂತವೈದ್ಯರು ‘ಕೆನೈನ್’ ಎಂದು ಬರೆದರೆ ಅದು ನಮ್ಮದೇ ಕೋರೆಹಲ್ಲು, ನಾಯಿಯ ಹಲ್ಲಿನಂತೆ ಚೂಪಾಗಿರುವುದಕ್ಕೆ ಬಂದ ಹೆಸರು.

ಹೆಸರು ನೋಡಿ ಒಳಗಿನದನ್ನು ಊಹಿಸಬಾರದು ಎಂಬುದಕ್ಕೆ ಕೈವಾರದಲ್ಲೇ ಒಂದು ಉದಾಹರಣೆ ಇದೆ. ಇದೇ ಮಹಾಭಾರತದ ಏಕಚಕ್ರನಗರ, ಭೀಮ ಬಕಾಸುರನನ್ನು ಕೊಂದ ಊರು ಎಂಬುದು ಸ್ಥಳೀಯ ನಂಬಿಕೆ. ‘ಬಕ’ ಎಂದರೆ ಕೊಕ್ಕರೆ. ಆದರೆ ಬಂಡಿ ಅನ್ನ ತಿನ್ನುತ್ತಿದ್ದ ಈ ರಕ್ಕಸ ಹಕ್ಕಿಯಲ್ಲ. ಕೊಕ್ಕರೆ ರೂಪದಲ್ಲಿ ಬಂದು ಕೃಷ್ಣನಿಂದ ಸತ್ತ ಬಕಾಸುರ ಭಾಗವತದವನು, ಬೇರೆಯವನು.

ಈಗ ಲಸಿಕೆಗೆ ಬರೋಣ. 2021ರ ಜೂನ್‌ನಲ್ಲಿ ಕೊವ್ಯಾಕ್ಸಿನ್‌ನಲ್ಲಿ ಎಳೆಗರುವಿನ ಸೀರಂ ಇದೆ ಎಂಬ ಸಂದೇಶ ದೇಶವೆಲ್ಲ ಸುತ್ತಿತು. ಜನ ಲಸಿಕೆಗೆ ಸರದಿ ನಿಂತಿದ್ದ ದಿನಗಳವು. ಜೂನ್ 16ರಂದು ಕೇಂದ್ರ ಆರೋಗ್ಯ ಸಚಿವಾಲಯ ಸ್ಪಷ್ಟನೆ ಕೊಟ್ಟಿತು. ವೈರಸ್ ಬೆಳೆಸಲು ಮೊದಲು ವೀರೋ ಎಂಬ ಜೀವಕೋಶಗಳನ್ನು ಬೆಳೆಸಬೇಕು, ಅವುಗಳ ಪೋಷಣೆಗೆ ಈ ಸೀರಂ ಬೇಕು. ಆಮೇಲೆ ಕೋಶಗಳನ್ನು ಹಲವು ಬಾರಿ ತೊಳೆಯುತ್ತಾರೆ, ವೈರಸ್ ಬೆಳೆಸುತ್ತಾರೆ, ಅದನ್ನು ಕೊಂದು ಶುದ್ಧೀಕರಿಸುತ್ತಾರೆ. ಕೊನೆಯ ಲಸಿಕೆಯಲ್ಲಿ ಸೀರಂ ಇರುವುದಿಲ್ಲ. ಪೋಲಿಯೊ, ರೇಬೀಸ್ ಲಸಿಕೆಗಳಲ್ಲೂ ದಶಕಗಳಿಂದ ಇದೇ ಕ್ರಮವಿದೆ. (ಅಂದಹಾಗೆ ‘ವ್ಯಾಕ್ಸಿನ್’ ಪದದೊಳಗೇ ಹಸು ಇದೆ: ಲ್ಯಾಟಿನ್‌ನಲ್ಲಿ ‘ವ್ಯಾಕಾ’ ಎಂದರೆ ಹಸು. 1796ರಲ್ಲಿ ಎಡ್ವರ್ಡ್ ಜೆನ್ನರ್ ಸಿಡುಬು ತಡೆಯಲು ಬಳಸಿದ್ದು ಗೋಸಿಡುಬಿನ ಕೀವನ್ನು.)

‘ಏವಿಯನ್ ಫ್ಲೂ’ ಹಕ್ಕಿಗಳನ್ನು ಕಾಡುವ ಜ್ವರ. 2025ರ ಆರಂಭದಲ್ಲಿ ಚಿಕ್ಕಬಳ್ಳಾಪುರ ತಾಲ್ಲೂಕಿನ ವರದಹಳ್ಳಿಯಲ್ಲಿ ಕೋಳಿಗಳಲ್ಲಿ ಅದು ದೃಢಪಟ್ಟಿತ್ತು. ಸೋಂಕಿತ ಹಕ್ಕಿಯನ್ನು ಮುಟ್ಟುವವರಿಗೆ ಅಪಾಯ ನಿಜ. ಆದರೆ ಒಳಗೆ 70 ಡಿಗ್ರಿ ಸೆಲ್ಸಿಯಸ್ ಮುಟ್ಟುವಂತೆ ಬೇಯಿಸಿದರೆ ಮಾಂಸದಲ್ಲಿ ವೈರಸ್ ಉಳಿಯುವುದಿಲ್ಲ.

ಹಾಗೆಂದು ಪ್ರಾಣಿಯ ಹೆಸರು ಬರೀ ಹೆಸರು ಎನ್ನುವಂತೆಯೂ ಇಲ್ಲ. ಹಾವಿನ ವಿಷಕ್ಕೆ ಕೊಡುವ ಮದ್ದಿನ ವಿವರದಲ್ಲಿ ‘ಎಕ್ವೈನ್’ ಎಂದಿದ್ದರೆ ಅದು ನಿಜವಾಗಿಯೂ ಕುದುರೆಯಿಂದ ಬಂದದ್ದು. ಕುದುರೆಗೆ ಸ್ವಲ್ಪ ಸ್ವಲ್ಪವೇ ವಿಷ ಕೊಟ್ಟು, ಅದರ ರಕ್ತದಲ್ಲಿ ಹುಟ್ಟುವ ಪ್ರತಿಕಾಯಗಳನ್ನು ಬೇರ್ಪಡಿಸುತ್ತಾರೆ. ಕೆಲವರಿಗೆ ಅಲರ್ಜಿ ಆಗಬಹುದು, ಅದಕ್ಕೇ ಆಸ್ಪತ್ರೆಯಲ್ಲಿ ನಿಗಾ ಇಟ್ಟು ಕೊಡುವುದು. ಟೊಮೆಟೊ ತೋಟದಲ್ಲಿ ಕೊಳಕುಮಂಡಲ ಕಚ್ಚಿದಾಗ ‘ಕುದುರೆ ರಕ್ತ ಬೇಡ’ ಎಂದು ನಾಟಿ ಮದ್ದಿಗೆ ಓಡಿದರೆ ಜೀವವೇ ಹೋಗಬಹುದು. ಆ ವಿಷಕ್ಕೆ ಬೇರೆ ಮದ್ದಿಲ್ಲ.

‘ಬೋವೈನ್ ಜೆಲಟಿನ್’ ಕೂಡ ದನದ ಚರ್ಮ, ಮೂಳೆಯಿಂದಲೇ ಬರುತ್ತದೆ. ಕ್ಯಾಪ್ಸುಲ್‌ನ ಹೊದಿಕೆ ಅದರದ್ದಾಗಿರಬಹುದು. ಸಸ್ಯಮೂಲದ ಕ್ಯಾಪ್ಸುಲ್‌ಗಳೂ ಇವೆ. ಬೇಡವೆನಿಸಿದರೆ ಔಷಧ ನಿಲ್ಲಿಸುವ ಮೊದಲು ಬದಲಿ ಇದೆಯೇ ಎಂದು ವೈದ್ಯರನ್ನು ಕೇಳಿ.