ಕಫೀಲನಾದ ಪತಿ ಮತ್ತು ಮರೆತುಹೋದ ಇದ್ದತ್

ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ನಮ್ಮ ಮೊಹಲ್ಲಾಗಳಲ್ಲಿ ನಿಕಾಹ್‌ನ ಮಾತುಕತೆಗೆ ಹಿರಿಯರು ಕೂಡಿದಾಗ, ವರನು ಸೌದಿಯಲ್ಲೋ ದುಬೈಯಲ್ಲೋ ಇದ್ದಾನೆಂದರೆ ಮೊದಲು ಬರುವ ಪ್ರಶ್ನೆ ಒಂದೇ: ಹುಡುಗಿಗೆ ಫ್ಯಾಮಿಲಿ ವೀಸಾ ಆಗುತ್ತದೆಯೇ? ಆಗುತ್ತದೆ ಎಂಬ ಉತ್ತರ ದೊರೆತರೆ ಮಹ್ರ್‌ನ ಮಾತು ಅರ್ಧ ನಿಮಿಷದಲ್ಲಿ ಮುಗಿಯುತ್ತದೆ. ಸಂಬಂಧ ಮುರಿದರೆ ಆ ವೀಸಾದ ಗತಿಯೇನೆಂದು ಯಾರೂ ಕೇಳುವುದಿಲ್ಲ. ಶುಭಕಾರ್ಯದಲ್ಲಿ ಅಪಶಕುನದ ಮಾತೇಕೆ ಎನ್ನುತ್ತಾರೆ. ಅಪಶಕುನವನ್ನೇ ಒಪ್ಪದ ದೀನ್‌ನ ಅನುಯಾಯಿಗಳು ನಾವು!

ಆ ಗತಿ ಏನೆಂಬುದನ್ನು ತಿಳಿಯೋಣ. ಗಲ್ಫ್ ದೇಶಗಳಲ್ಲಿ ಅವಲಂಬಿತ ಪತ್ನಿಯ ವಾಸ್ತವ್ಯ ಪರವಾನಗಿ ಪತಿಯ ಹೆಸರಿಗೆ ಅಂಟಿಕೊಂಡಿರುತ್ತದೆ. ಅವನೇ ಅವಳ ಪ್ರಾಯೋಜಕ. ಸೌದಿಯಲ್ಲಿ ಅವನು ತನ್ನ ಮೊಬೈಲಿನ ಅಬ್ಶರ್ ಖಾತೆಯಿಂದಲೇ ಅವಳಿಗೆ ಅಂತಿಮ ನಿರ್ಗಮನದ ವೀಸಾ ತೆಗೆಯಬಲ್ಲ. ಅದು ಹೊರಟ ಅರುವತ್ತು ದಿನಗಳೊಳಗೆ ಅವಳು ದೇಶ ಬಿಡಬೇಕು. ಮಾತು ಕೆಟ್ಟ ರಾತ್ರಿ ಬೆರಳು ಒತ್ತಿದರಾಯಿತು. ಸೂಟ್‌ಕೇಸ್ ಹಿಡಿದು, ಮಕ್ಕಳ ಕೈಹಿಡಿದು ಅವಳು ಹೈದರಾಬಾದಿನ ವಿಮಾನ ನಿಲ್ದಾಣದಲ್ಲಿ ಇಳಿಯುತ್ತಾಳೆ. ತಂದೆಯ ಮನೆಗೆ ತಲುಪಿದ ಮೇಲೆಯೇ ಊರಿಗೆ ಸುದ್ದಿ.

ಈಗ ಪವಿತ್ರ ಕುರ್‌ಆನನ್ನು ತೆರೆಯಿರಿ. ಸೂರಃ ಅತ್ತಲಾಖ್‌ನ ಮೊದಲನೆಯ ವಚನದಲ್ಲೇ ಅಲ್ಲಾಹನು, ತಲಾಖ್ ಪಡೆದ ಸ್ತ್ರೀಯರನ್ನು ಇದ್ದತ್‌ನ ಅವಧಿಯಲ್ಲಿ ಅವರ ಮನೆಗಳಿಂದ ಹೊರಹಾಕಬಾರದೆಂದು ಆಜ್ಞಾಪಿಸಿದ್ದಾನೆ. ಬಹಿರಂಗ ದುಷ್ಕೃತ್ಯವೊಂದನ್ನೇ ಇದಕ್ಕೆ ಹೊರತುಪಡಿಸಿದ್ದಾನೆ. ಆರನೆಯ ವಚನದಲ್ಲಿ, ನೀವು ವಾಸಿಸುವಲ್ಲಿಯೇ ನಿಮ್ಮ ಶಕ್ತ್ಯಾನುಸಾರ ಅವರನ್ನು ಇರಿಸಿರಿ, ಅವರು ಗರ್ಭಿಣಿಯರಾಗಿದ್ದರೆ ಹೆರಿಗೆಯವರೆಗೆ ಖರ್ಚು ನೀಡಿರಿ ಎಂಬ ಆದೇಶವಿದೆ. ಇದು ಮರಳಿಸಬಹುದಾದ ತಲಾಖ್‌ಗೆ ಮಾತ್ರವೆಂದು ನುಣುಚಿಕೊಳ್ಳಲೂ ನಮ್ಮಲ್ಲಿ ದಾರಿಯಿಲ್ಲ. ನಾವು ಅನುಸರಿಸುವ ಹನಫೀ ಮಝ್‌ಹಬ್‌ನಲ್ಲಿ ಬಾಇನ್ ತಲಾಖ್ ಆದವಳಿಗೂ ಇದ್ದತ್ ಮುಗಿಯುವ ತನಕ ವಸತಿ ಮತ್ತು ಖರ್ಚಿನ ಹಕ್ಕಿದೆ.

ಹಾಗಾದರೆ ಇದ್ದತ್ ನಡೆಯುತ್ತಿರುವಾಗ ಅವಳ ವೀಸಾ ರದ್ದುಗೊಳಿಸುವುದು ಏನು? ಬಾಗಿಲು ಹಾಕಿ ಬೀದಿಗೆ ತಳ್ಳುವುದಕ್ಕೂ ಇದಕ್ಕೂ ಏನು ಅಂತರ? ಬೀದಿಗೆ ತಳ್ಳಿದರೆ ನೆರೆಯವರಾದರೂ ಕಂಡಾರು; ಇಲ್ಲಿ ಒಂದು ಇಡೀ ದೇಶದಿಂದಲೇ ತಳ್ಳಲಾಗುತ್ತಿದೆ, ಕಾಣುವವರಿಲ್ಲ.

"ಅದು ಅಲ್ಲಿನ ಸರಕಾರದ ಕಾನೂನು, ಅವನೇನು ಮಾಡಿಯಾನು?" ಎನ್ನುವವರಿದ್ದಾರೆ. ಈ ನೆಪ ನಿಲ್ಲುವುದಿಲ್ಲ. ಯುಎಇ ಸರಕಾರವು 2018ರಲ್ಲಿ, ವಿಚ್ಛೇದಿತೆಗೂ ವಿಧವೆಗೂ ಅವರ ಮಕ್ಕಳಿಗೂ ಪ್ರಾಯೋಜಕನಿಲ್ಲದೆಯೇ ಒಂದು ವರ್ಷ ಉಳಿಯುವ ಅವಕಾಶ ಕಲ್ಪಿಸಿತು. ಆದರೆ ವಿಚ್ಛೇದನದ ಹೊತ್ತಿಗೆ ಅವಳ ವೀಸಾ ಚಾಲ್ತಿಯಲ್ಲಿರಬೇಕೆಂಬುದು ಅದರ ಷರತ್ತು. ಮೊದಲು ವೀಸಾ ಕತ್ತರಿಸಿ, ಅವಳನ್ನು ತವರಿಗೆ ಕಳುಹಿಸಿ, ಆಮೇಲೆ ಫೋನಿನಲ್ಲಿ ತಲಾಖ್ ಹೇಳುವವನು ಆ ಅವಕಾಶವನ್ನೂ ಕದಿಯುತ್ತಾನೆ. ಕಾನೂನು ಬಾಗಿಲು ತೆರೆದಿಟ್ಟಿತ್ತು, ಮುಚ್ಚಿದವನು ಪತಿ.

ಇನ್ನು ಕೆಲವರು ತಲಾಖನ್ನೂ ಕೊಡದೆ, ವೀಸಾವನ್ನೂ ನವೀಕರಿಸದೆ, ಊರಿನಲ್ಲಿ ಬಿಟ್ಟು ಹೋಗುತ್ತಾರೆ. ಪತ್ನಿಯನ್ನು ಅತ್ತಲೂ ಅಲ್ಲ ಇತ್ತಲೂ ಅಲ್ಲವೆಂಬಂತೆ ತೂಗುಹಾಕಿ ಬಿಡಬಾರದೆಂದು ಸೂರಃ ಅನ್ನಿಸಾ ಎಚ್ಚರಿಸಿರುವುದು ಇವರ ಕಿವಿಗೆ ಬಿದ್ದಿಲ್ಲವೇ?

ಕಫೀಲನ ಕಷ್ಟವನ್ನು ನಮ್ಮ ಗಲ್ಫ್ ಸಹೋದರರಿಗೆ ಯಾರೂ ವಿವರಿಸಬೇಕಿಲ್ಲ. ಕಫೀಲ ಮುನಿದರೆ ಇಕಾಮಾ ಹೋಯಿತೆಂಬ ಭಯದಲ್ಲಿ ಅವರು ವರ್ಷಗಳನ್ನು ಕಳೆದಿದ್ದಾರೆ. ಅದೇ ಸಹೋದರ ಮನೆಯೊಳಗೆ ಪತ್ನಿಗೆ ಅಂತಹದೇ ಕಫೀಲನಾಗುವುದು ಎಂತಹ ವಿಪರ್ಯಾಸ! ಕಫಾಲತ್ ಎಂದರೆ ಫಿಕ್ಹ್‌ನಲ್ಲಿ ಇನ್ನೊಬ್ಬರ ಹೊಣೆಯನ್ನು ತನ್ನ ಹೆಗಲಿಗೆ ತೆಗೆದುಕೊಳ್ಳುವುದು. ಹಝ್ರತ್ ಝಕರಿಯ್ಯಾ(ಅ) ಅವರು ಹಝ್ರತ್ ಮರ್ಯಮರ ಪೋಷಣೆಯನ್ನು ವಹಿಸಿಕೊಂಡುದನ್ನು ಕುರ್‌ಆನ್ ಇದೇ ಧಾತುವಿನ ಪದದಿಂದ ಹೇಳುತ್ತದೆ. ಹೊಣೆಯ ಪದವನ್ನು ಬೆದರಿಕೆಯ ಪದವಾಗಿಸಿದವರು ನಾವು.

2017ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟ್ ಒಂದೇ ಉಸಿರಿನ ಮೂರು ತಲಾಖನ್ನು ತಳ್ಳಿಹಾಕಿತು. 2019ರ ಕಾಯ್ದೆ ಅದಕ್ಕೆ ಮೂರು ವರ್ಷಗಳವರೆಗಿನ ಸೆರೆಯನ್ನೂ ವಿಧಿಸಿತು. ಶರೀಅತ್‌ನಲ್ಲಿ ಹಸ್ತಕ್ಷೇಪವಾಯಿತೆಂದು ನಾವು ನೊಂದೆವು, ಸಭೆಗಳನ್ನು ಮಾಡಿದೆವು. ಆದರೆ ಶರೀಅತ್ ತಾನೇ ಕೊಟ್ಟ ಇದ್ದತ್‌ನ ವಸತಿಯನ್ನು ನಮ್ಮವರೇ ಕಸಿದಾಗ ಯಾವ ಮಸೀದಿಯಲ್ಲಿ ಸಭೆ ನಡೆಯಿತು? ಹೊರಗಿನವರ ಹಸ್ತಕ್ಷೇಪಕ್ಕೆ ಅಳುವ ಕಣ್ಣು ಒಳಗಿನ ದ್ರೋಹಕ್ಕೆ ಒಣಗಿರುವುದೇಕೆ?

ಆದ್ದರಿಂದ ಮೂರು ತಾಲೂಕುಗಳ ಮಸೀದಿ ಕಮಿಟಿಗಳಲ್ಲಿಯೂ ಖಾಝಿಗಳಲ್ಲಿಯೂ ನಮ್ಮ ಕೋರಿಕೆ ಇಷ್ಟು. ವಧುವನ್ನು ವಿದೇಶಕ್ಕೆ ಕರೆದೊಯ್ಯುವ ನಿಕಾಹ್‌ನಲ್ಲಿ ಷರತ್ತುಗಳನ್ನು ಬರೆದಿಡಿರಿ: ಇದ್ದತ್ ಮುಗಿಯುವ ಮುನ್ನ ವೀಸಾ ರದ್ದುಮಾಡಬಾರದು, ಅವಳ ಪಾಸ್‌ಪೋರ್ಟ್ ಅವಳ ಕೈಯಲ್ಲೇ ಇರಬೇಕು, ಮರಳುವ ಟಿಕೆಟ್ ಮತ್ತು ಬಾಕಿ ಮಹ್ರ್ ಪತಿಯ ಹೊಣೆ, ತಲಾಖ್‌ಗೆ ಮುನ್ನ ಎರಡೂ ಕುಟುಂಬಗಳ ಮಧ್ಯಸ್ಥರು ಕೂಡಬೇಕು. ನಿಕಾಹ್‌ನ ಷರತ್ತುಗಳೇ ಪಾಲಿಸಲು ಎಲ್ಲಕ್ಕಿಂತ ಹೆಚ್ಚು ಅರ್ಹವಾದವುಗಳೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಹೆಣ್ಣಿನ ತಂದೆ ಕೇಳಲು ಸಂಕೋಚಪಟ್ಟರೆ ಖಾಝಿಯೇ ಕೇಳಲಿ.

ಪತಿ ಕೊಡಿಸಿದ ವೀಸಾಕ್ಕೆ ಮುಕ್ತಾಯದ ದಿನಾಂಕವಿದೆ. ಅಲ್ಲಾಹನ ಮುಂದೆ ಅವನು ಕೊಟ್ಟ ಕರಾರಿನ ಲೆಕ್ಕಕ್ಕೆ ಆ ದಿನಾಂಕವಿಲ್ಲ. ಆ ಲೆಕ್ಕದ ಭಯವನ್ನು ಅಲ್ಲಾಹನು ನಮ್ಮೆಲ್ಲರ ಹೃದಯಗಳಲ್ಲಿ ಇರಿಸಲಿ. ಆಮೀನ್.