ಅತ್ತೆಯವರ ಕ್ಯಾನ್ವಾಸ್ ಬೂಟು



ಹೋದ ಸಲ ಹಪ್ಪಳ ಸಂಡಿಗೆಯ ಮಾತಾಡಿದೆವು. ಈ ಸಲ ಒಲೆ ಆರಿಸಿ, ಮನೆಗೆ ಬೀಗ ಹಾಕಿ, ಒಂದಿಷ್ಟು ದೂರ ಹೋಗಿ ಬರೋಣ. ಸಂಡಿಗೆ ಅಲ್ಲೂ ಬರುತ್ತೆ, ನೋಡ್ತಾ ಇರಿ.

2018ರ ಡಿಸೆಂಬರ್ ರಜೆ. ಉಡುಪಿಗೆ ಹೋಗಿ, ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪ ನೋಡಿ ಬರೋದು ಅಂತ ನಮ್ಮ ಮನೆಯಲ್ಲಿ ತೀರ್ಮಾನವಾಯಿತು. ನಾವಿಬ್ಬರು, ಮಗ, ಮಗಳು, ನಮ್ಮ ಅತ್ತೆಯವರು. ಅತ್ತೆಯವರಿಗೆ ಆಗ ಎಪ್ಪತ್ತೆರಡು, ಮೊಣಕಾಲು ನೋವು ಬೇರೆ. ನಾನೇ ಹೇಳಿದೆ, "ಅತ್ತೆ ಮಠದಲ್ಲೇ ಇರಲಿ. ಕೃಷ್ಣನ ದರ್ಶನ ಮಾಡಿಕೊಂಡು ಜಪ ಮಾಡ್ತಾ ಕೂತಿರ್ತಾರೆ. ಮೂರು ಗಂಟೆ ತಾನೇ?"

ನಿಮ್ಮ ಹತ್ತಿರ ಮುಚ್ಚುಮರೆ ಯಾಕೆ? ಅವರ ಮೊಣಕಾಲಿನ ಚಿಂತೆ ಅರ್ಧ, ಒಂದು ದಿನವಾದರೂ ಯಾರ ಮಾತ್ರೆ, ಯಾರ ಕಾಫಿ ಅಂತ ನೋಡದೆ ಇರೋಣ ಅನ್ನೋ ಆಸೆ ಅರ್ಧ. ಅತ್ತೆಯವರು "ಹಾಗೇ ಆಗಲಿ ಕಣಮ್ಮ, ನಂಗ್ಯಾಕೆ ದೋಣಿ ಗೀಣಿ" ಅಂದುಬಿಟ್ಟರು. ನಾನೂ ಹಗುರಾದೆ.

ಹೊರಡುವ ಹಿಂದಿನ ರಾತ್ರಿ ಚೀಲಗಳಿಗೆ ಬಟ್ಟೆ ತುಂಬುತ್ತಿದ್ದೆ. ಅತ್ತೆಯವರ ಚೀಲದ ತಳದಲ್ಲಿ ಗಟ್ಟಿಯಾಗಿ ಏನೋ ಕೈಗೆ ತಗುಲಿತು. ತೆಗೆದು ನೋಡಿದರೆ ನನ್ನ ಮಗನ ಹಳೇ ಕ್ಯಾನ್ವಾಸ್ ಬೂಟು! ಒಗೆದು ಒಣಗಿಸಿ, ಸಡಿಲವಾಗದಿರಲಿ ಅಂತ ತುದಿಗೆ ಬಟ್ಟೆ ಚೂರು ತುರುಕಿದ್ದರು. ಮಗನನ್ನು ಕೇಳಿದೆ. "ಬಂಡೆ ಮೇಲೆ ಚಪ್ಪಲಿ ಜಾರುತ್ತಾ ಅಂತ ಅಜ್ಜಿ ಕೇಳಿದ್ರು, ಬೂಟು ಒಳ್ಳೇದು ಅಂದೆ" ಅಂದ.

ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಹತ್ತಲಿಲ್ಲ. ಅವರಿಗೆ ಆಸೆ ಇತ್ತು, ಕೇಳುವವರು ಇರಲಿಲ್ಲ.

ಬೆಳಿಗ್ಗೆ "ಅತ್ತೆ, ನೀವೂ ದೋಣಿಗೆ ಬನ್ನಿ" ಅಂದೆ. ಬೇಡ ಅಂತಾರೇನೋ ಅಂದುಕೊಂಡರೆ, "ದ್ವಾರಕೆಯಿಂದ ಕೃಷ್ಣನೇ ಹಡಗಿನಲ್ಲಿ ಮಲ್ಪೆಗೆ ಬಂದವನಂತೆ. ನಾನು ಒಂದು ದೋಣಿ ಹತ್ತಿದರೆ ತಪ್ಪೇನು?" ಅಂದರು. ಗೋಪೀಚಂದನದ ಗಡ್ಡೆಯೊಳಗೆ ಕೃಷ್ಣನ ಮೂರ್ತಿ ಇತ್ತು, ಬಿರುಗಾಳಿಗೆ ಸಿಕ್ಕ ಹಡಗನ್ನು ಮಧ್ವಾಚಾರ್ಯರು ಮಲ್ಪೆಯಲ್ಲಿ ಪಾರು ಮಾಡಿದರು ಅನ್ನುವ ಕಥೆ ನಿಮಗೂ ಗೊತ್ತಲ್ಲ.

ಭದ್ರಾವತಿಯಿಂದ ಬೆಳಗಿನ ಜಾವ ವ್ಯಾನಿನಲ್ಲಿ ಹೊರಟು, ತೀರ್ಥಹಳ್ಳಿ ದಾಟಿ, ಆಗುಂಬೆ ಘಾಟಿಯ ಹದಿನಾಲ್ಕು ತಿರುವು ಇಳಿದು ಉಡುಪಿ ಸೇರಿದೆವು. ದೇವರ ದರ್ಶನ ಮುಗಿಸಿ ಮಲ್ಪೆಗೆ ಬಂದೆವು. ಅಲ್ಲಿಂದ ಐದಾರು ಕಿಲೋಮೀಟರು ಅಷ್ಟೆ. ದೊಡ್ಡ ದೋಣಿ ಜನ ತುಂಬುವವರೆಗೂ ಹೊರಡಲಿಲ್ಲ. ಸಮುದ್ರದ ಮೇಲೆ ಸುಮಾರು ಅರ್ಧ ಗಂಟೆ ದಾರಿ. ಮಕ್ಕಳು ಕೂಗಾಡಿದರು, ನಾನು ಕಂಬಿ ಹಿಡಿದು ಕೂತೆ. ಅತ್ತೆಯವರು ಸೆರಗು ತಲೆಗೆ ಬಿಗಿದು, ನೆಟ್ಟ ದೃಷ್ಟಿಯಿಂದ ಮುಂದೆ ನೋಡುತ್ತಿದ್ದರು.

ದ್ವೀಪದ ಹತ್ತಿರ ನೀರು ಆಳವಿಲ್ಲ, ಬಂಡೆಗಳೂ ಇವೆ. ಅಲ್ಲಿ ನಮ್ಮನ್ನು ಚಿಕ್ಕ ದೋಣಿಗೆ ಇಳಿಸಿದರು. ಎರಡೂ ದೋಣಿ ಅಲೆಗೆ ಏಳುತ್ತೆ, ಬೀಳುತ್ತೆ. ಎರಡರ ಮಧ್ಯದಲ್ಲಿ ಹಸಿರು ನೀರು. ನನ್ನ ಕಾಲು ಮರದ ಹಾಗೆ ನಿಂತುಬಿಟ್ಟಿತು, ಎತ್ತೋಕೇ ಆಗಲಿಲ್ಲ. ದೋಣಿಯ ಹುಡುಗ "ಅಕ್ಕಾ, ನೀರು ನೋಡ್ಬೇಡಿ, ನನ್ನ ಕೈ ಹಿಡೀರಿ" ಅಂತ ಕೂಗುತ್ತಿದ್ದ. ಅಷ್ಟರಲ್ಲಿ ಅತ್ತೆಯವರು ನನ್ನನ್ನು ಪಕ್ಕಕ್ಕೆ ಸರಿಸಿ, ಅವನ ಭುಜ ಹಿಡಿದು ದಾಟೇಬಿಟ್ಟರು! ಆಮೇಲೆ ಆ ಕಡೆಯಿಂದ ಕೈ ಚಾಚಿ, "ಬಾ, ನಾನಿದ್ದೀನಿ" ಅಂದರು. ಮದುವೆಯಾಗಿ ಬಂದ ಹೊಸತರಲ್ಲಿ, ಬಾವಿಯಿಂದ ನೀರು ಸೇದಲು ಹೆದರುತ್ತಿದ್ದ ನನಗೆ ಅದೇ ಧ್ವನಿಯಲ್ಲಿ ಅದೇ ಮಾತು ಹೇಳಿದ್ದರು.

ಅಲ್ಲಿರೋದು ಒಂದು ದ್ವೀಪವಲ್ಲ, ನಾಲ್ಕು ಮುಖ್ಯ ದ್ವೀಪಗಳ ಗುಂಪು. ನಾವು ಇಳಿಯುವುದು ತೆಂಗಿನ ದ್ವೀಪದಲ್ಲಿ. ಉದ್ದ ಸುಮಾರು ಅರ್ಧ ಕಿಲೋಮೀಟರು, ಅಗಲ ನೂರು ಮೀಟರಿನಷ್ಟು. ಒಳಗೆ ತೆಂಗಿನ ಮರಗಳ ನೆರಳು. ವಾಸ್ಕೋ ಡ ಗಾಮ 1498ರಲ್ಲಿ ಇಲ್ಲಿ ಶಿಲುಬೆ ನೆಟ್ಟು, ಮೇರಿ ಮಾತೆಯ ಹೆಸರಿಟ್ಟನಂತೆ. ಹೆಸರು ಅದರಿಂದ ಬಂತು ಅಂತ ಹೇಳುತ್ತಾರೆ.

ಆದರೆ ನೋಡಬೇಕಾದ್ದು ಕಲ್ಲು. ಬಡಗಿ ಕೆತ್ತಿ ಜೋಡಿಸಿಟ್ಟ ಹಾಗೆ ಐದು ಮೂಲೆ, ಆರು ಮೂಲೆಯ ಕಂಬಗಳು. ಕೆಲವು ಎತ್ತರ, ಕೆಲವು ಗಿಡ್ಡ, ಮೆಟ್ಟಿಲಿನಂತೆ ಒತ್ತೊತ್ತಾಗಿ ನಿಂತಿವೆ. "ಯಾವ ರಾಜ ಕಡೆಸಿದ್ದೋ?" ಅಂತ ಅತ್ತೆಯವರು ಕೇಳಿದರು. ಮಗ ವಿವರಿಸಿದ. ಯಾರೂ ಕಡೆದದ್ದಲ್ಲ. ಸುಮಾರು 8 ಕೋಟಿ 80 ಲಕ್ಷ ವರ್ಷದ ಹಿಂದೆ, ಮಡಗಾಸ್ಕರ್ ನಮ್ಮ ನೆಲಕ್ಕೆ ಅಂಟಿಕೊಂಡಿದ್ದು ಬೇರೆಯಾಗುವ ಕಾಲದಲ್ಲಿ, ಭೂಮಿಯೊಳಗಿಂದ ಕುದಿಯುವ ಶಿಲಾರಸ ಉಕ್ಕಿತು. ಅದು ತಣ್ಣಗಾಗುತ್ತಾ ಕುಗ್ಗಿತು, ಕುಗ್ಗುತ್ತಾ ಬಿರುಕು ಬಿಟ್ಟಿತು. ಬಿರುಕು ಮೇಲಿಂದ ಕೆಳಕ್ಕೆ ಇಳಿದು ಕಂಬಗಳಾದವು. ಭೂವಿಜ್ಞಾನದವರು ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಸಾರಿದ್ದಾರೆ.

ಅತ್ತೆಯವರು ಎಲ್ಲ ಕೇಳಿ, "ಹಾಗಾದ್ರೆ ದಪ್ಪಗೆ ಹೊಯ್ದ ಸಂಡಿಗೆ ಹಿಟ್ಟು ಬಿಸಿಲಿಗೆ ಬಿರಿಯುತ್ತಲ್ಲ, ಹಾಗೆ" ಅಂದರು. ಮಗ "ಕರೆಕ್ಟ್ ಅಜ್ಜಿ!" ಅಂತ ಕುಣಿದ. ಅದು ಒಣಗಿ ಬಿರಿಯೋದು, ಇದು ಆರಿ ಬಿರಿಯೋದು, ವ್ಯತ್ಯಾಸ ಅಷ್ಟೆ.

ಬೂಟಿನ ದಾರ ಬಿಗಿಸಿಕೊಂಡು ಅತ್ತೆಯವರು ಮೊಮ್ಮಗಳ ಕೈ ಹಿಡಿದು ನಾಲ್ಕು ಕಂಬ ಹತ್ತಿದರು. ಐದನೆಯದಕ್ಕೆ ತಾವೇ ಸಾಕು ಅಂದರು. ಅಲ್ಲಿ ಕೂತು ಸಮುದ್ರ ನೋಡಿದರು. ಎಷ್ಟು ಹೊತ್ತು ಅಂತೀರಿ? ಮೊಸರನ್ನ ತಿನ್ನೋಕೆ ಎರಡು ಸಲ ಕರೆಯಬೇಕಾಯಿತು.

ಬಿದ್ದದ್ದು ನಾನು. ಶೋಕಿಗೆ ಹೊಸ ಚಪ್ಪಲಿ ಹಾಕಿದ್ದೆ. ಮಗ ಫೋಟೋ ಅಂತ ಅಲೆ ಬಡಿಯುವ ಬಂಡೆಯ ಕಡೆ ಓಡಿದ, ಕಾವಲಿನವರು ಸೀಟಿ ಊದಿದರು, ಅವನನ್ನು ಕರೆಯಲು ಹೋಗಿ ಪಾಚಿಯ ಮೇಲೆ ಜಾರಿದೆ. ಮಂಡಿ ತರಚಿತು. ಮಗ ಬೈಸಿಕೊಂಡ, ಅತ್ತೆಯವರು ನನ್ನ ಗಾಯ ಒರೆಸಿದರು. ಯಾರನ್ನು ಯಾರು ನೋಡಿಕೊಳ್ಳಬೇಕು ಅಂತ ಹೊರಟಿದ್ದೆ, ನೋಡಿ!

ನೀವು ಹೋಗುವುದಾದರೆ ಕೆಲವು ಮಾತು:

ಮಳೆಗಾಲದಲ್ಲಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ದೋಣಿ ಬಿಡುವುದಿಲ್ಲ. ಡಿಸೆಂಬರ್, ಜನವರಿ ಹಿತವಾಗಿರುತ್ತದೆ. ಆಗಲೂ ಗಾಳಿ ಜೋರಿದ್ದರೆ ದೋಣಿ ನಿಲ್ಲಿಸಬಹುದು, ಹೊರಡುವ ಮುಂಚೆ ವಿಚಾರಿಸಿ.

ಬೆಳಿಗ್ಗೆ ಬೇಗ ಹೋಗಿ. ಮಧ್ಯಾಹ್ನ ಕಲ್ಲು ಕಾದ ಕಾವಲಿಯಂತಾಗುತ್ತದೆ. ಕುಡಿಯುವ ನೀರು, ಟೋಪಿ ಮರೆಯಬೇಡಿ. ದ್ವೀಪದಲ್ಲಿ ರಾತ್ರಿ ಉಳಿಯುವಂತಿಲ್ಲ. ವಾಪಸ್ ದೋಣಿ ಎಷ್ಟು ಹೊತ್ತಿಗೆ ಅಂತ ಇಳಿಯುವಾಗಲೇ ಕೇಳಿಟ್ಟುಕೊಳ್ಳಿ.

ದೋಣಿಯಲ್ಲಿ ತೇಲುವ ಅಂಗಿ ಕೊಟ್ಟರೆ ಸೆಕೆ ಅಂತ ಬಿಚ್ಚಬೇಡಿ. ಕೊಡದಿದ್ದರೆ ಕೇಳಿ ತೊಡಿ. ಸೀರೆಯಾದರೆ ನೆರಿಗೆ ಸ್ವಲ್ಪ ಮೇಲಕ್ಕೆ ಸಿಕ್ಕಿಸಿ. ಹಿಂದೆ ಪಟ್ಟಿಯಿರುವ ಚಪ್ಪಲಿ ಅಥವಾ ಬೂಟು ಇರಲಿ.

ಒದ್ದೆ ಬಂಡೆಗೆ ಹೋಗಲೇಬೇಡಿ. ಈಜು ಬಂದರೂ ಅಲ್ಲಿ ನೀರಿಗಿಳಿಯುವುದು ಬೇಡ, ಬಂಡೆಗಳ ಮಧ್ಯೆ ಸೆಳೆತವಿದೆ. ಸೀಟಿ ಕೇಳಿದರೆ ಹಿಂದೆ ಬನ್ನಿ.

ತಿಂಡಿಯ ಪ್ಲಾಸ್ಟಿಕ್ಕು ಅಲ್ಲಿ ಬಿಸಾಡಬೇಡಿ, ಖಾಲಿ ಡಬ್ಬಿಯ ಜೊತೆ ಮನೆಗೆ ತನ್ನಿ.

ಕೊನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು. ಮನೆಯ ಹಿರಿಯರಿಗೆ ಆಗುತ್ತೋ ಇಲ್ಲವೋ ಅಂತ ಅವರ ಬದಲು ನಾವೇ ಹೇಳಿಬಿಡುವುದು ಬೇಡ. ಒಂದು ಸಲ ಕೇಳಿ. "ನಂಗ್ಯಾಕೆ" ಅಂದರೆ ಇನ್ನೊಂದು ಸಲ ಕೇಳಿ. ವೈದ್ಯರು ಬೇಡ ಅಂದಿದ್ದರೆ ಆ ಮಾತು ಬೇರೆ.

ಈಗ ಅತ್ತೆಯವರ ಮೊಣಕಾಲು ಇನ್ನೂ ಕೆಟ್ಟಿದೆ. ಅಂಗಳದ ಮೂರು ಮೆಟ್ಟಿಲು ಇಳಿಯಲೂ ಒಬ್ಬರು ಜೊತೆಗಿರಬೇಕು. ಆ ದಿನ ಅವರನ್ನು ಮಠದಲ್ಲೇ ಕೂರಿಸಿ ಬಂದಿದ್ದರೆ, ಇವತ್ತು ನಾನು ಏನು ಮಾಡಿದರೂ ಆ ದೋಣಿ ಮತ್ತೆ ಸಿಗುತ್ತಿರಲಿಲ್ಲ. ಬೂಟನ್ನು ಮಾತ್ರ ಯಾರಿಗೂ ಕೊಡಲು ಬಿಡರು. ಮೊನ್ನೆ ಪಕ್ಕದ ಮನೆಯವರು ಬಂದಾಗ, "ನಮ್ಮ ಸೊಸೆಗೆ ನೀರಂದ್ರೆ ಭಯ, ನಾನೇ ಕೈ ಹಿಡಿದು ದಾಟಿಸಿದೆ" ಅಂತ ಹೇಳುತ್ತಿದ್ದರು. ನಾನು ಒಳಗೆ ಕಾಫಿ ಸೋಸುತ್ತಾ ಕೇಳಿಸಿಕೊಂಡೆ. ಸುಳ್ಳೇನಲ್ಲವಲ್ಲ!

ನಿಮ್ಮ ಮನೆಯಲ್ಲಿ ಯಾರ ಚೀಲದ ತಳದಲ್ಲಿ ಏನಿದೆಯೋ, ಒಮ್ಮೆ ನೋಡಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.