ಚಾಲಕ ಪರಾರಿ

ನಮ್ಮ ಪತ್ರಿಕೆಗಳಲ್ಲಿ ಅಪಘಾತದ ಸುದ್ದಿ ಬಹಳ ಸಲ ಮುಗಿಯುವುದು ಒಂದೇ ಸಾಲಿನಿಂದ: ‘ಡಿಕ್ಕಿ ಹೊಡೆದ ವಾಹನದ ಚಾಲಕ ಪರಾರಿಯಾಗಿದ್ದಾನೆ.’ ಚಾಲಕನೇ ಇಲ್ಲದ ಕಾರು ಬಂದರೆ ಈ ಸಾಲಾದರೂ ತಪ್ಪುತ್ತದಲ್ಲ ಎಂದು ನಾನೂ ಅಂದುಕೊಂಡಿದ್ದೆ. ಸ್ಯಾನ್ ಫ್ರಾನ್ಸಿಸ್ಕೊದ ಒಂದು ರಾತ್ರಿಯ ವಿವರ ಓದಿದ ಮೇಲೆ ಆ ಆಸೆ ಉಳಿದಿಲ್ಲ.

2023ರ ಅಕ್ಟೋಬರ್ 2, ರಾತ್ರಿ ಒಂಬತ್ತೂವರೆ ಸುಮಾರು. ಮಾರ್ಕೆಟ್ ಸ್ಟ್ರೀಟಿನಲ್ಲಿ ರಸ್ತೆ ದಾಟುತ್ತಿದ್ದ ಮಹಿಳೆಗೆ, ಮನುಷ್ಯನೇ ಓಡಿಸುತ್ತಿದ್ದ ಕಾರೊಂದು ಗುದ್ದಿತು. ಆಕೆ ಹೋಗಿ ಬಿದ್ದದ್ದು ಪಕ್ಕದಲ್ಲಿ ಬರುತ್ತಿದ್ದ ಕ್ರೂಸ್ ಕಂಪನಿಯ ಚಾಲಕರಹಿತ ಟ್ಯಾಕ್ಸಿಯ ಮುಂದೆ. ಗುದ್ದಿದವರು ಎಂದಿನಂತೆ ಪರಾರಿ. ಟ್ಯಾಕ್ಸಿ ಜೋರಾಗಿ ಬ್ರೇಕ್ ಹಾಕಿತು. ಆದರೂ ಆಕೆಗೆ ಬಡಿದು ನಿಂತಿತು. ಇಲ್ಲಿಯವರೆಗೆ ಯಂತ್ರವನ್ನು ಬೈಯಲು ನನಗೆ ಮನಸ್ಸಿಲ್ಲ. ಆದರೆ ಪಕ್ಕದಿಂದ ಏನೋ ತಾಗಿದೆ ಎಂದು ಅದು ಲೆಕ್ಕ ಹಾಕಿತು. ಹಾಗಾದಾಗ ರಸ್ತೆ ಬದಿಗೆ ಸರಿದು ನಿಲ್ಲಬೇಕೆಂದು ಅದಕ್ಕೆ ಕಲಿಸಿದ್ದರು. ಕಲಿಸಿದಂತೆಯೇ ಹೊರಟಿತು. ಅಡಿಯಲ್ಲಿ ಸಿಕ್ಕಿಕೊಂಡಿದ್ದ ಆಕೆಯನ್ನು ಸುಮಾರು 20 ಅಡಿ ಎಳೆದುಕೊಂಡೇ ಹೋಯಿತು. ಓಡಿಹೋಗುವ ಚಾಲಕನಿಗೂ ತಾನು ಗುದ್ದಿದ್ದು ಮನುಷ್ಯರಿಗೆ ಎಂಬುದು ಗೊತ್ತಿರುತ್ತದೆ. ಅದಕ್ಕೇ ತಾನೆ ಓಡುವುದು. ಈ ಕಾರಿಗೆ ಅದೂ ಗೊತ್ತಿರಲಿಲ್ಲ.

ಪುಣ್ಯಕ್ಕೆ ಆಕೆ ಬದುಕಿದಳು. ಬದುಕದೆ ಹೋದದ್ದು ಕಂಪನಿಯ ಟ್ಯಾಕ್ಸಿ ವ್ಯವಹಾರ. ಪತ್ರಕರ್ತರಿಗೆ ಕಂಪನಿ ತೋರಿಸಿದ ವಿಡಿಯೊ ಕಾರು ಮೊದಲು ನಿಂತಲ್ಲಿಗೇ ಮುಗಿಯುತ್ತಿತ್ತು. ಎಳೆದೊಯ್ದ ಭಾಗವನ್ನು ನಮಗೂ ತೋರಿಸಲಿಲ್ಲ ಎಂದು ಕ್ಯಾಲಿಫೋರ್ನಿಯಾದ ಮೋಟಾರು ವಾಹನ ಇಲಾಖೆ ಹೇಳಿತು. ಅಧಿಕಾರಿಗಳ ಸಭೆಗಳಲ್ಲಿ ಇಂಟರ್ನೆಟ್ ಕೈಕೊಟ್ಟು ವಿಡಿಯೊ ಸರಿಯಾಗಿ ಓಡಲಿಲ್ಲ ಎಂಬುದು ಆಮೇಲೆ ಕಂಪನಿಯೇ ನೇಮಿಸಿದ ವಕೀಲರ ತನಿಖಾ ವರದಿಯಲ್ಲಿ ಬಂತು. ಇಂಟರ್ನೆಟ್ ಇಲ್ಲದಿದ್ದರೆ ಹೋಗಲಿ, ಬಾಯಿ ಇರಲಿಲ್ಲವೇ? ಅಕ್ಟೋಬರ್ 24ಕ್ಕೆ ಪರವಾನಗಿ ಅಮಾನತಾಯಿತು. ನವೆಂಬರಿನಲ್ಲಿ ಮುಖ್ಯಸ್ಥ ಕೈಲ್ ವೋಗ್ಟ್ ರಾಜೀನಾಮೆ ಕೊಟ್ಟರು. ಮರುವರ್ಷ, ಸರ್ಕಾರಕ್ಕೆ ಸುಳ್ಳು ವರದಿ ಕೊಟ್ಟದ್ದನ್ನು ಒಪ್ಪಿಕೊಂಡು ಕಂಪನಿ 5 ಲಕ್ಷ ಡಾಲರ್ ದಂಡ ತೆತ್ತಿತು. ಸಾವಿರ ಕೋಟಿ ಡಾಲರಿಗೂ ಹೆಚ್ಚು ಸುರಿದಿದ್ದ, ಕ್ರೂಸ್‌ನ ಒಡೆಯ ಜನರಲ್ ಮೋಟರ್ಸ್ 2024ರ ಡಿಸೆಂಬರಿನಲ್ಲಿ ಈ ಟ್ಯಾಕ್ಸಿಯ ಅಂಗಡಿ ಮುಚ್ಚಿತು. ಮುಳುಗಿಸಿದ್ದು ಆ 20 ಅಡಿಯಲ್ಲ, ಅದನ್ನು ಮುಚ್ಚಿಟ್ಟದ್ದು.

ಅದೇ ಊರಿನಲ್ಲಿ ವೇಮೊ ಎಂಬ ಇನ್ನೊಂದು ಕಂಪನಿಯ ಚಾಲಕರಹಿತ ಕಾರುಗಳೂ ಓಡುತ್ತವೆ. 5.67 ಕೋಟಿ ಮೈಲಿಗಳ ಲೆಕ್ಕದಲ್ಲಿ, ಪಾದಚಾರಿಗಳಿಗೆ ಗಾಯವಾಗುವ ಅಪಘಾತ ಮನುಷ್ಯರು ಓಡಿಸುವ ಕಾರುಗಳಿಗಿಂತ ಶೇ 92ರಷ್ಟು ಕಡಿಮೆ ಎನ್ನುತ್ತದೆ ಅವರ ಅಧ್ಯಯನ. ತಮ್ಮ ಮಗು ಚಂದ ಎಂದು ತಾವೇ ಹೇಳಿಕೊಂಡದ್ದು ನಿಜ. ಆದರೂ ತಳ್ಳಿಹಾಕುವ ಅಂಕಿಯಲ್ಲ. ಆದರೆ ಅಮೆರಿಕದ ವಾಹನ ಸವಾರರ ಸಂಘದ 2025ರ ಸಮೀಕ್ಷೆಯಲ್ಲಿ ಇಂಥ ಕಾರನ್ನು ನಂಬುತ್ತೇವೆ ಎಂದ ಚಾಲಕರು ಶೇ 13 ಮಾತ್ರ. ಅದೇ ವರ್ಷ ಅಕ್ಟೋಬರಿನಲ್ಲಿ ವೇಮೊ ಕಾರಿನಡಿ ಸಿಕ್ಕಿ ಕಿಟ್‌ಕ್ಯಾಟ್ ಎಂಬ ಅಂಗಡಿ ಬೆಕ್ಕು ಸತ್ತಾಗ, ಬೀದಿಯವರು ಹೂವು, ಮೇಣದಬತ್ತಿ ಇಟ್ಟು ಅತ್ತರು. ಮನುಷ್ಯರ ಕಾರುಗಳಡಿ ಎಷ್ಟು ಬೆಕ್ಕು ಸಾಯುವುದಿಲ್ಲ ಎಂದು ನಕ್ಕವರೂ ಇದ್ದರು. ನನಗೆ ನಗು ಬರಲಿಲ್ಲ. ಸಿಟ್ಟು ಬಂದಾಗ ಬೈಯಲು ಎದುರಿಗೊಂದು ಮುಖ ಬೇಕು. ಖಾಲಿ ಸೀಟಿಗೆ ಏನೆಂದು ಬೈಯುವುದು?

ನಮ್ಮಲ್ಲಿ ಈ ಕಾರು ಬಂದರೆ ಚಾಲಕರ ಕೆಲಸ ಹೋಗುತ್ತದೆ, ಬಿಡುವುದಿಲ್ಲ ಎಂದು ಕೇಂದ್ರ ಸಾರಿಗೆ ಸಚಿವ ನಿತಿನ್ ಗಡ್ಕರಿ ಹೇಳುತ್ತ ಬಂದಿದ್ದಾರೆ. ಆ ಕಾಳಜಿ ಸರಿಯೇ. ಆದರೆ ದೇಶದಲ್ಲಿ 2022ರ ಒಂದೇ ವರ್ಷದಲ್ಲಿ ಗುದ್ದಿ ಓಡಿದ ಪ್ರಕರಣಗಳಲ್ಲಿ ಸತ್ತವರು 30,486 ಜನ. ಹಾಗೆ ಓಡಿದವರಿಗೆ ಹತ್ತು ವರ್ಷದವರೆಗೆ ಜೈಲು ಎಂದು ಭಾರತೀಯ ನ್ಯಾಯ ಸಂಹಿತೆಯ 106(2) ಹೇಳುತ್ತದೆ. 2024ರ ಜನವರಿಯಲ್ಲಿ ಲಾರಿ ಚಾಲಕರು ಸ್ಟೀರಿಂಗ್ ಬಿಟ್ಟು ಕೂತದ್ದು ಇದಕ್ಕೇ. ಆ ಜುಲೈನಲ್ಲಿ ಹೊಸ ಕಾನೂನು ಜಾರಿಯಾದಾಗ ಈ ಉಪಕಲಂ ಒಂದನ್ನು ಸರ್ಕಾರ ತಡೆಹಿಡಿಯಿತು.

ಲಾರಿ ಚಾಲಕನಿಗೆ ಹತ್ತು ವರ್ಷ ಎನ್ನುವ ಮೊದಲು ಸಂಸದರು ಇನ್ನೊಂದು ಸಾಲು ಸೇರಿಸಲಿ: ಅಪಘಾತದ ವಿಡಿಯೊವನ್ನು ಒಂದು ಕ್ಷಣವೂ ಕತ್ತರಿಸದೆ ಪೊಲೀಸರ ಕೈಗೆ ಒಪ್ಪಿಸದ ಕಂಪನಿಯನ್ನೂ ಪರಾರಿಯಾದ ಚಾಲಕ ಎಂದೇ ಪರಿಗಣಿಸಬೇಕು.